ಹೊಟ್ಟೆ ಅದರದು, ಸಹಿ ನಮ್ಮದು

ಸಾಕುಪ್ರಾಣಿಗಳ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ಒಂದು ಕಾಗದ ಕೊಡ್ತಾರೆ. ಪ್ರಾಣಿಯ ಹೆಸರು, ತಳಿ, ವಯಸ್ಸು, ತೂಕ, ಮಾಡಬೇಕಾದ ಶಸ್ತ್ರಚಿಕಿತ್ಸೆ. ಅರಿವಳಿಕೆಯಲ್ಲಿ ಅಪಾಯ ಇದೆ ಅಂತ ಗೊತ್ತಿದ್ದೂ ಒಪ್ಪಿದ್ದೇನೆ ಎಂಬ ಅರ್ಥದ ನಾಲ್ಕು ಸಾಲು. ಕೊನೆಗೆ ಸಹಿ. ಮನುಷ್ಯರ ಆಸ್ಪತ್ರೆಯಲ್ಲೂ ಹೆಚ್ಚುಕಮ್ಮಿ ಇಂಥದ್ದೇ ಕಾಗದ ಇರತ್ತೆ. ವ್ಯತ್ಯಾಸ ಇಷ್ಟೇ: ಇಲ್ಲಿ ಕೊಯ್ಯುವ ಹೊಟ್ಟೆ ಒಬ್ಬರದು, ಸಹಿ ಇನ್ನೊಬ್ಬರದು.

ಮಕ್ಕಳ ವಿಷಯದಲ್ಲೂ ಹಾಗೇ ಅಲ್ವಾ ಅಂತ ನೀವು ಕೇಳಬಹುದು. ಪೂರ್ತಿ ಹಾಗಲ್ಲ. ಮೂರು ವರ್ಷದ ಮಗುವಿಗೆ ಆಪರೇಷನ್ ಆದರೆ, ಅದು ದೊಡ್ಡದಾದ ಮೇಲೆ ಹೊಟ್ಟೆಯ ಮೇಲಿನ ಗೆರೆ ತೋರಿಸಿ ಇದೇನು ಅಂತ ಕೇಳತ್ತೆ. ನಾವು ಕಥೆ ಹೇಳ್ತೀವಿ. ಅದು ಒಪ್ಪಬಹುದು, ಬೈಯಲೂಬಹುದು. ಅಂದರೆ ನಮ್ಮ ನಿರ್ಧಾರಕ್ಕೆ ಲೆಕ್ಕ ಕೇಳುವವರು ಒಬ್ಬರು ಮುಂದೆ ಬರ್ತಾರೆ ಅನ್ನೋ ಎಚ್ಚರ ಇರತ್ತೆ. ನಾಯಿ, ಬೆಕ್ಕು ಯಾವತ್ತೂ ಲೆಕ್ಕ ಕೇಳಲ್ಲ. ನಾವು ಸರಿ ಮಾಡಿದರೂ ಬಾಲ ಅಲ್ಲಾಡಿಸತ್ತೆ, ತಪ್ಪು ಮಾಡಿದರೂ ಅಲ್ಲಾಡಿಸತ್ತೆ.

ಇನ್ನೊಂದು ವಿಷಯ. ನಮಗೆ ಆಪರೇಷನ್ ಅಂದರೆ ಇವತ್ತಿನ ನೋವನ್ನು ನಾಳೆಯ ಹೆಸರಲ್ಲಿ ತಡೆದುಕೊಳ್ಳೋದು. ಹತ್ತು ದಿನ ಕಷ್ಟ, ಆಮೇಲೆ ಆರಾಮ ಅಂತ ಡಾಕ್ಟರ್ ಹೇಳಿದ ಒಂದು ಮಾತೇ ಅರ್ಧ ಔಷಧಿ. ನಾಯಿಗೆ ಆ ಮಾತನ್ನು ತಲುಪಿಸುವ ದಾರಿಯೇ ನಮಗಿಲ್ಲ. ಅದಕ್ಕೆ ಗೊತ್ತಾಗೋದು ಇಷ್ಟು: ತಾನು ನಂಬಿದ ಮನುಷ್ಯ ಕಾರಿನಲ್ಲಿ ಎಲ್ಲಿಗೋ ಕರೆದುಕೊಂಡು ಬಂದ, ಎಚ್ಚರ ಆದಾಗ ಮೈ ನೋಯ್ತಿದೆ, ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಬಿದ್ದಿದೆ.

ಹಾಗಾದರೆ, ವಿವರಿಸಲಾಗದ ನೋವನ್ನು ಇನ್ನೊಂದು ಜೀವಕ್ಕೆ ಕೊಡುವ ಹಕ್ಕು ನಮಗೆ ಎಲ್ಲಿಂದ ಬಂತು? ಯಾವಾಗ ಅದು ಹಕ್ಕು, ಯಾವಾಗ ಕರ್ತವ್ಯ, ಯಾವಾಗ ಬರೀ ನಮ್ಮ ಹಟ? ಇದು ಪುಸ್ತಕದ ಪ್ರಶ್ನೆ ಅಲ್ಲ. ಮನೆಯಲ್ಲಿ ನಾಯಿ ಬೆಕ್ಕು ಸಾಕಿದವರು ಒಂದಲ್ಲ ಒಂದು ದಿನ, ಆಸ್ಪತ್ರೆಯ ಕೌಂಟರಿನ ಮುಂದೆ ಪೆನ್ನು ಹಿಡಿದುಕೊಂಡು ಉತ್ತರ ಕೊಡಬೇಕಾದ ಪ್ರಶ್ನೆ.

ಮೊದಲು ಪತ್ತೆ ಹಚ್ಚುವ ವಿಷಯ. ನಾವು ಮೂಕಪ್ರಾಣಿ ಅಂತೀವಿ. ಆದರೆ ಪಶುವೈದ್ಯರ ಪಕ್ಕ ಒಂದು ಗಂಟೆ ಕೂತು ನೋಡಿದರೆ ಆ ಪದದ ಮೇಲೆ ಅನುಮಾನ ಬರತ್ತೆ. ಗಂಡು ಬೆಕ್ಕೊಂದು ಪದೇ ಪದೇ ತನ್ನ ಮಣ್ಣಿನ ಟ್ರೇಗೆ ಹೋಗಿ ಕೂತು, ಮುಕ್ಕಿ, ಏನೂ ಬಾರದೆ ಎದ್ದು ಬರತ್ತೆ. ಮನೆಯವರು ಮಲಬದ್ಧತೆ ಅಂದುಕೊಳ್ತಾರೆ. ಎಷ್ಟೋ ಸಲ ಅದು ಮೂತ್ರನಾಳ ಕಟ್ಟಿಕೊಂಡಿರೋದು. ಒಂದೆರಡು ದಿನ ಬಿಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಸಂತಾನಹರಣ ಆಗದ ಹೆಣ್ಣು ನಾಯಿ ಬೆದೆಗೆ ಬಂದು ಹೋದ ಕೆಲವು ವಾರಗಳ ನಂತರ ಇದ್ದಕ್ಕಿದ್ದಂತೆ ಬೋಗುಣಿಗಟ್ಟಲೆ ನೀರು ಕುಡಿಯೋಕೆ ಶುರು ಮಾಡತ್ತೆ, ಊಟ ಬಿಡತ್ತೆ, ಮಂಕಾಗತ್ತೆ. ಬಿಸಿಲಿಗೆ ಇರಬೇಕು ಅಂತೀವಿ. ಸ್ಕ್ಯಾನ್ ಮಾಡಿದರೆ ಗರ್ಭಕೋಶದ ತುಂಬ ಕೀವು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಗೂಡಿನ ನಾಯಿ ಊಟ ಆದ ಮೇಲೆ ವಾಂತಿ ಮಾಡಲು ಒದ್ದಾಡತ್ತೆ, ಏನೂ ಬರಲ್ಲ, ಹೊಟ್ಟೆ ಡೋಲಿನ ಹಾಗೆ ಬಿಗಿಯಾಗತ್ತೆ. ಜಠರ ಗಾಳಿ ತುಂಬಿ ತಿರುಚಿಕೊಂಡಿರಬಹುದು. ಅಲ್ಲಿಂದ ಮುಂದೆ ಲೆಕ್ಕ ಗಂಟೆಗಳದ್ದು.

ಬೆಕ್ಕು ನೋವನ್ನು ಅಡಗಿಸಿಡುವುದರಲ್ಲಿ ನಿಸ್ಸೀಮ. ಅದಕ್ಕಾಗಿಯೇ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಒಂದು ಅಳತೆಗೋಲು ಪ್ರಕಟಿಸಿದರು. ಬೆಕ್ಕಿನ ಮುಖದಲ್ಲಿ ಐದೇ ಸಂಗತಿ ನೋಡಬೇಕು: ಕಿವಿ ಹೇಗೆ ತಿರುಗಿದೆ, ಕಣ್ಣು ಎಷ್ಟು ಕಿರಿದಾಗಿದೆ, ಮೂತಿ ಬಿಗಿದಿದೆಯಾ, ಮೀಸೆ ನೆಟ್ಟಗಾಗಿದೆಯಾ, ತಲೆ ಭುಜಕ್ಕಿಂತ ಕೆಳಗಿದೆಯಾ. ಒಂದೊಂದಕ್ಕೂ ಸೊನ್ನೆಯಿಂದ ಎರಡು ಅಂಕ. ಒಟ್ಟು ಹತ್ತರಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿನ ಔಷಧಿ ಕೊಡುವ ಬಗ್ಗೆ ಯೋಚಿಸಬೇಕು. (ಔಷಧಿ ಅಂದಾಗ ಒಂದು ಮಾತು: ಮನೆಯಲ್ಲಿರೋ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಜೀವ ತೆಗೆಯಬಹುದು.) ಅಂದರೆ ಅವು ಹೇಳ್ತಾನೇ ಇರ್ತವೆ. ಓದಲು ಕಲಿಯದವರು ನಾವು. ಸಹಿ ಹಾಕುವ ಅಧಿಕಾರ ಬೇಕು ಅನ್ನುವವರಿಗೆ ಇದು ಮೊದಲ ಷರತ್ತು ಅಂತ ನನಗನಿಸತ್ತೆ. ಅದರ ಪರವಾಗಿ ಮಾತಾಡಬೇಕಾದರೆ ಅದು ಆಡುವ ಭಾಷೆ ಸ್ವಲ್ಪವಾದರೂ ಬರಬೇಕು.

ಮೇಲೆ ಹೇಳಿದ ಮೂರು ಸಂದರ್ಭಗಳಲ್ಲಿ ತತ್ವಶಾಸ್ತ್ರಕ್ಕೆ ಹೆಚ್ಚು ಕೆಲಸ ಇಲ್ಲ. ಕೀವು ತುಂಬಿದ ಗರ್ಭಕೋಶವನ್ನು ಸಾಮಾನ್ಯವಾಗಿ ತೆಗೆಯಲೇಬೇಕು, ತಿರುಚಿದ ಜಠರವನ್ನು ನೇರ ಮಾಡಿ ಮತ್ತೆ ತಿರುಗದ ಹಾಗೆ ಹೊಟ್ಟೆಯ ಗೋಡೆಗೆ ಹೊಲಿಯಬೇಕು, ಕಟ್ಟಿಕೊಂಡ ಬೆಕ್ಕಿಗೆ ಟ್ಯೂಬ್ ಹಾಕಿ ಮೂತ್ರ ಬಿಡಿಸಬೇಕು. ಸುಮ್ಮನಿದ್ದರೆ ಸಿಗೋದು ನೆಮ್ಮದಿಯ ಸಾವಲ್ಲ, ನರಳಾಟದ ಸಾವು. ಮಾಡಿದರೆ ಮುಂದೆ ವರ್ಷಗಟ್ಟಲೆ ಬದುಕು ಇರಬಹುದು. ಇಲ್ಲಿ ಒಪ್ಪಿಗೆ ಕೇಳಲು ಸಾಧ್ಯವಿಲ್ಲ ಅನ್ನೋದು ಅಡ್ಡಿ ಆಗಲ್ಲ.

ಇದಕ್ಕೆ ಪೂರ್ತಿ ಎದುರು ತುದಿಯಲ್ಲಿ ಇನ್ನೊಂದು ಗುಂಪು ಇದೆ. ಡಾಬರ್‌ಮನ್ನಿನ ಕಿವಿ ನೆಟ್ಟಗೆ ನಿಲ್ಲಲಿ ಅಂತ ಕತ್ತರಿಸೋದು, ಚಂದಕ್ಕೆ ಬಾಲ ಮೊಟಕು ಮಾಡಿಸೋದು, ಸೋಫಾ ಪರಚದಿರಲಿ ಅಂತ ಬೆಕ್ಕಿನ ಉಗುರು ತೆಗೆಸೋದು. ಉಗುರು ತೆಗೆಯೋದು ಅಂದರೆ ನಾವು ಉಗುರು ಕತ್ತರಿಸಿಕೊಂಡ ಹಾಗಲ್ಲ. ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸಿ ತೆಗೀತಾರೆ. ಇಲ್ಲಿ ರೋಗವೇ ಇಲ್ಲ, ಇರೋದು ನಮ್ಮ ಅಭಿರುಚಿ, ನಮ್ಮ ಸೋಫಾ. ಇಂಥ ಕಾಗದಕ್ಕೆ ಹಾಕುವ ಸಹಿಗೆ ಯಾವ ಸಮರ್ಥನೆಯೂ ನನಗೆ ಕಾಣಲ್ಲ.

ಸ್ವಲ್ಪ ಗೊಂದಲ ಆಗೋದು ಪಗ್‌ಗಳ ವಿಷಯದಲ್ಲಿ. 2003ರ ಆಸುಪಾಸಿನಲ್ಲಿ ಹುಡುಗನ ಹಿಂದೆ ಹಿಂದೆ ಓಡುತ್ತಿದ್ದ ಹಚ್ ಜಾಹೀರಾತಿನ ಪಗ್ ನಿಮಗೆ ನೆನಪಿರಬಹುದು. ಆಮೇಲೆ ನಮ್ಮ ನಗರಗಳ ಅಪಾರ್ಟ್‌ಮೆಂಟುಗಳ ತುಂಬ ಪಗ್‌ಗಳು ಬಂದವು. ಆ ಚಪ್ಪಟೆ ಮುಖ ತಲೆಮಾರುಗಳಿಂದ ಮನುಷ್ಯ ಆರಿಸಿ ಆರಿಸಿ ಮಾಡಿದ್ದು. ಮುಖ ಕುಗ್ಗಿತು, ಆದರೆ ಒಳಗಿನ ಮಾಂಸ ಅಷ್ಟು ಕುಗ್ಗಲಿಲ್ಲ. ಹಾಗಾಗಿ ಎಷ್ಟೋ ಪಗ್‌ಗಳಿಗೆ ಮೂಗಿನ ಹೊಳ್ಳೆ ಸಣ್ಣದು, ಅಂಗುಳಿನ ಹಿಂಭಾಗದ ಮೆತ್ತನೆ ಭಾಗ ಉದ್ದವಾಗಿ ಶ್ವಾಸಕ್ಕೆ ಅಡ್ಡ. ಅದು ಗೊರಗೊರ ಅಂದರೆ ನಾವು ಕ್ಯೂಟ್ ಅಂತೀವಿ, ಅದು ಉಸಿರಿಗೆ ಪರದಾಡ್ತಿರತ್ತೆ. ಹೊಳ್ಳೆ ಅಗಲ ಮಾಡಿ, ಅಂಗುಳು ಮೊಟಕು ಮಾಡುವ ಶಸ್ತ್ರಚಿಕಿತ್ಸೆ ಇದೆ. ಕಷ್ಟಪಡ್ತಿರೋ ಪಗ್‌ಗೆ ಅದನ್ನ ಮಾಡಿಸಲೇಬೇಕು, ಅನುಮಾನವೇ ಬೇಡ. ಆದರೆ ಇದು ದಯೆ ಅಲ್ಲ, ರಿಪೇರಿ. ನಾವೇ ಕೆಡಿಸಿದ್ದನ್ನು ನಾವೇ ಸರಿಮಾಡೋದು. ಈ ಸಹಿ ನಿಜವಾಗಿ ಬೀಳಬೇಕಾದದ್ದು ಆಸ್ಪತ್ರೆಯಲ್ಲಲ್ಲ, ಅದಕ್ಕೂ ಎಷ್ಟೋ ಮುಂಚೆ, ಯಾವ ಮರಿ ತರಬೇಕು ಅಂತ ಇನ್‌ಸ್ಟಾಗ್ರಾಮ್ ನೋಡ್ತಾ ಕೂತಾಗ.

ಈ ಎರಡು ತುದಿಗಳ ನಡುವೆ ಇರೋದೇ ನಿಜವಾದ ಕಷ್ಟದ ಜಾಗ. ವಯಸ್ಸಾದ ಪ್ರಾಣಿ, ಕ್ಯಾನ್ಸರ್, ದೊಡ್ಡ ಆಪರೇಷನ್, ಮುಂದಿನ ಆಯಸ್ಸು ತಿಂಗಳುಗಳ ಲೆಕ್ಕದಲ್ಲಿ.

ನಮ್ಮ ಮನೆಯ ಭೀಮ ರಾಟ್‌ವೀಲರ್ ಮಿಶ್ರತಳಿ, ನಲವತ್ತು ಕೆಜಿ. ಒಂಬತ್ತನೇ ವರ್ಷದಲ್ಲಿ ಕುಂಟೋಕೆ ಶುರು ಮಾಡಿದ. ಮುಂಗಾಲಿನ ಮಣಿಕಟ್ಟಿನ ಮೇಲೆ ಗಟ್ಟಿ ಊತ. ಎಕ್ಸ್‌ರೇ, ಸೂಜಿ ಹಾಕಿ ತೆಗೆದ ಮಾದರಿ, ಎರಡೂ ಒಂದೇ ಹೇಳಿದವು: ಮೂಳೆ ಕ್ಯಾನ್ಸರ್. ದೊಡ್ಡ ತಳಿಯ ನಾಯಿಗಳಲ್ಲಿ ಹೆಚ್ಚು ಕಾಣುವ ಖಾಯಿಲೆ ಇದು. ಪತ್ತೆಯಾಗುವ ಹೊತ್ತಿಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬಹುತೇಕ ಶ್ವಾಸಕೋಶಕ್ಕೆ ಹೋಗಿಯೇ ಇರತ್ತಂತೆ. ಡಾಕ್ಟರ್ ಯಾವುದನ್ನೂ ಮುಚ್ಚಿಡಲಿಲ್ಲ. ಕಾಲು ಮಾತ್ರ ತೆಗೆದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು, ಜೊತೆಗೆ ಕೀಮೋ ಕೊಟ್ಟರೆ ಹತ್ತು ಹನ್ನೆರಡು ತಿಂಗಳು. ಏನೂ ಮಾಡದಿದ್ದರೆ ನೋವಿನ ಮಾತ್ರೆ ಕೊಡ್ತಾ ಹೋಗಿ, ಅದೂ ಸಾಲದಾದಾಗ ದಯಾಮರಣ.

ಮನೆಯಲ್ಲಿ ವಾರ ಪೂರ್ತಿ ಅದೇ ಮಾತು. ಅಮ್ಮ ಅಂದಳು, "ಕಾಲು ತೆಗೆಸಿಬಿಟ್ರೆ ಅದರ ಮುಖಕ್ಕೆ ಮುಖ ಕೊಟ್ಟು ಹೆಂಗೋ ನೋಡ್ಲಿ ನಾನು? ಮೂರು ಕಾಲಲ್ಲಿ ಏನು ಬದುಕು ಅದಕ್ಕೆ?" ಅಪ್ಪ ಹಣೆಬರಹದ ಮಾತಾಡಿದರು. ನನಗೆ ಬೇರೆ ಸಂಕಟ. ಇನ್ನೂ ಒಂದು ವರ್ಷ ಇರಲಿ ಅಂತ ಆಸೆ ಪಡ್ತಿರೋದು ಅವನಿಗಾಗಿಯಾ, ನನಗಾಗಿಯಾ?

ಡಾಕ್ಟರ್ ಹತ್ತಿರ ಇದನ್ನೇ ಕೇಳಿದೆ. ಅವರು ತಿರುಗಿ ಎರಡು ಪ್ರಶ್ನೆ ಕೇಳಿದರು. ಇವತ್ತು ಅವನ ದಿನ ಹೇಗಿದೆ? ಆಪರೇಷನ್ ಆಗಿ ಒಂದು ತಿಂಗಳಿಗೆ ಅವನ ದಿನ ಹೇಗಿರಬಹುದು? ಆಮೇಲೆ ಹೇಳಿದರು, "ನಾಯಿಗೆ ಕನ್ನಡಿ ಇಲ್ಲ. ಯಾರೇನಂದಾರು ಅನ್ನೋದೂ ಇಲ್ಲ. ಕಾಲು ಹೋಯ್ತಲ್ಲ ಅನ್ನೋ ದುಃಖ ನಿಮ್ಮದು. ಅವನಿಗಿರೋದು ಆ ಮೂಳೆ ನೋವು."

ಆ ಮಾತು ನನಗೆ ದಾರಿ ತೋರಿಸಿತು. ಈ ಆಪರೇಷನ್ ಅವನನ್ನು ಹೆಚ್ಚು ದಿನ ಬದುಕಿಸೋಕೆ ಮಾತ್ರ ಅಲ್ಲ. ಮೂಳೆ ಕ್ಯಾನ್ಸರಿನ ನೋವು ಇರೋದೇ ಆ ಮೂಳೆಯಲ್ಲಿ. ಅದನ್ನು ತೆಗೆದರೆ ನೋವಿನ ಬೇರೇ ಹೋಗತ್ತೆ. ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣಿಸಲಿಲ್ಲ, ಉಳಿದ ಮೂರು ಕಾಲಿನ ಕೀಲುಗಳು ಗಟ್ಟಿಯಾಗಿದ್ದವು. ಸಹಿ ಹಾಕಿದೆ. ಮೊದಲ ನಾಲ್ಕು ದಿನ ಕಷ್ಟವೇ ಇತ್ತು. ಎರಡನೇ ವಾರ ಹೊಲಿಗೆ ಬಿಚ್ಚುವ ಹೊತ್ತಿಗೆ ಗೇಟಿನ ತನಕ ಕುಪ್ಪಳಿಸಿಕೊಂಡು ಬರ್ತಿದ್ದ. ಕೀಮೋ ದಿನಗಳಲ್ಲಿ ಸ್ವಲ್ಪ ಸುಸ್ತು, ಬಿಟ್ಟರೆ ಮೊಸರನ್ನದ ಬಟ್ಟಲು ಖಾಲಿ. ಒಂಬತ್ತು ತಿಂಗಳು ಇದ್ದ. ಕೊನೆಯ ಎರಡು ವಾರ ಬಿಟ್ಟು ಉಳಿದ ದಿನಗಳೆಲ್ಲ ನಾಯಿಯ ದಿನಗಳೇ: ಊಟ, ಬಿಸಿಲು, ಪೋಸ್ಟ್‌ಮ್ಯಾನ್ ಮೇಲೆ ಬೊಗಳೋದು. ಕೆಮ್ಮು ಶುರುವಾಗಿ, ಶ್ವಾಸಕೋಶದಲ್ಲಿ ಗಡ್ಡೆ ಕಂಡಾಗ ಇನ್ನೊಂದು ಕಾಗದಕ್ಕೆ ಸಹಿ ಹಾಕಿದೆ.

ಇದೇ ಹೊತ್ತಿಗೆ ಆಫೀಸಿನ ಗೆಳತಿಯೊಬ್ಬಳು ಉಲ್ಟಾ ನಿರ್ಧಾರ ತೆಗೆದುಕೊಂಡಳು. ಅವಳ ಬೆಕ್ಕಿಗೆ ಹದಿನಾರು ವರ್ಷ, ಕಿಡ್ನಿ ಅರ್ಧಕ್ಕರ್ಧ ಸೋತಿದೆ, ಕರುಳಿನಲ್ಲಿ ಗಡ್ಡೆ. ಹೊಟ್ಟೆ ತೆರೆದು ನೋಡಬಹುದು, ಸಾಧ್ಯ ಆದರೆ ತೆಗೆಯಬಹುದು ಅಂದರು. ಅವಳು ಬೇಡ ಅಂದಳು. ಆ ಬೆಕ್ಕು ಕ್ಯಾರಿಯರ್ ಕಂಡರೇ ನಡುಗೋದು, ಆಸ್ಪತ್ರೆಗೆ ಹೋಗಿ ಬಂದರೆ ಎರಡು ದಿನ ಮಂಚದ ಕೆಳಗಿಂದ ಬರ್ತಿರಲಿಲ್ಲ. ಉಳಿದಿರುವ ಸ್ವಲ್ಪ ದಿನಗಳಲ್ಲಿ ಅರ್ಧವನ್ನು ಮಂಚದ ಕೆಳಗೆ ಕಳೆಸಲ್ಲ ಅಂದಳು. ಮನೆಯಲ್ಲೇ ಚರ್ಮದಡಿಗೆ ಗ್ಲೂಕೋಸ್ ಹಾಕೋದು ಕಲಿತಳು, ಮೀನು ಬೇಯಿಸಿ ಬೆರಳಲ್ಲಿ ತಿನ್ನಿಸಿದಳು. ಅದು ಊಟ ಪೂರ್ತಿ ಬಿಟ್ಟ ದಿನ ಡಾಕ್ಟರನ್ನ ಮನೆಗೇ ಕರೆಸಿದಳು. "ಟ್ರೈ ಕೂಡ ಮಾಡಲಿಲ್ವಾ?" ಅಂತ ಅವಳನ್ನ ಕೇಳಿದವರು ಸುಮಾರು ಜನ.

ನನ್ನ ಪ್ರಕಾರ ಇಬ್ಬರೂ ಮಾಡಿದ್ದು ಒಂದೇ ಕೆಲಸ. ಕತ್ತರಿಸಿದ್ದು, ಕತ್ತರಿಸದೇ ಇದ್ದದ್ದು ಮುಖ್ಯ ಅಲ್ಲ. ಆ ನಿರ್ದಿಷ್ಟ ಪ್ರಾಣಿಯ ದಿನ ಹೇಗಿರತ್ತೆ ಅಂತ ಲೆಕ್ಕ ಹಾಕಿದ್ದು ಮುಖ್ಯ. ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಾಲೋಬೋಸ್ ಇದಕ್ಕಾಗಿಯೇ 2004ರಲ್ಲಿ ಒಂದು ಪಟ್ಟಿ ಕೊಟ್ಟರು. ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯಾ. ಏಳಕ್ಕೂ ಹತ್ತರಲ್ಲಿ ಅಂಕ. ಎಪ್ಪತ್ತರಲ್ಲಿ ಮೂವತ್ತೈದು ದಾಟಿದ್ದರೆ ಆರೈಕೆ ಮುಂದುವರಿಸಬಹುದು. ಪ್ರೀತಿಗೆ ಅಂಕ ಕೊಡೋದಾ ಅಂತ ಸಿಟ್ಟು ಬರಬಹುದು. ಆದರೆ ಆ ಏಳರಲ್ಲಿ ಪ್ರೀತಿಯ ಕಾಲಮ್ಮೇ ಇಲ್ಲ ಅನ್ನೋದನ್ನ ಗಮನಿಸಿ. ನಮಗೆ ಎಷ್ಟು ದುಃಖ ಆಗ್ತಿದೆ ಅನ್ನೋದಕ್ಕೂ ಜಾಗ ಇಲ್ಲ. ಎಲ್ಲವೂ ಪ್ರಾಣಿಯ ಕಡೆಯಿಂದ.

ನಮ್ಮಂಥವರಿಗೆ ಅಪಾಯ ಇರೋದು ಇಲ್ಲೇ. ಕೆಲಸದಲ್ಲಿ ಯಾವ ಸಮಸ್ಯೆ ಬಂದರೂ ಏನಾದರೂ ಮಾಡು ಅಂತ ಕಲಿತವರು ನಾವು. ಆಸ್ಪತ್ರೆಗಳಲ್ಲೂ ಈಗ ಸಿಟಿ ಸ್ಕ್ಯಾನ್ ಇದೆ, ದುರ್ಬೀನು ಹಾಕಿ ಮಾಡುವ ಆಪರೇಷನ್ ಇದೆ. ಮಾಡಲು ಸಾಧ್ಯ ಅಂದ ತಕ್ಷಣ ಮಾಡಲೇಬೇಕು ಅನಿಸಿಬಿಡತ್ತೆ. "ಎಲ್ಲಾ ಟ್ರೈ ಮಾಡಿದ್ವಿ" ಅನ್ನೋ ವಾಕ್ಯ ನಮಗೆ ಆಮೇಲೆ ಸಮಾಧಾನ ಕೊಡತ್ತೆ. ಆ ಸಮಾಧಾನದ ಬೆಲೆಯನ್ನು ತನ್ನ ಮೈಯಲ್ಲಿ ಕಟ್ಟಿದ್ದು ಬೇರೆಯವರು. ಕತ್ತಿಯೇ ಬೇಡದ ಕಡೆಯೂ ಇದೆ. ಬೀದಿನಾಯಿಗಳಲ್ಲಿ ಜನನಾಂಗದ ಮೇಲೆ ರಕ್ತ ಸೋರುವ ಗಡ್ಡೆಯೊಂದು ಕಾಣಿಸತ್ತೆ, ನಾಯಿಯಿಂದ ನಾಯಿಗೆ ಕೂಡುವಿಕೆಯಲ್ಲಿ ದಾಟುವ ಕ್ಯಾನ್ಸರ್. ನೋಡಿದರೆ ಭಯ ಆಗತ್ತೆ. ಆದರೆ ಅದಕ್ಕೆ ಮುಖ್ಯ ಚಿಕಿತ್ಸೆ ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್. ಬಹುಪಾಲು ನಾಯಿಗಳಲ್ಲಿ ಕೆಲವು ವಾರಗಳಲ್ಲಿ ಕರಗಿಹೋಗತ್ತೆ. ಆ ಔಷಧಿಯ ಮೂಲ ನಮ್ಮ ಅಂಗಳದ ಕಾಶಿ ಕಣಗಿಲೆ ಗಿಡ. ಒಳ್ಳೆಯ ಸರ್ಜನ್‌ಗೆ ಎಲ್ಲಿ ಕೊಯ್ಯಬಾರದು ಅಂತಲೂ ಗೊತ್ತಿರತ್ತೆ.

ಇನ್ನು ದುಡ್ಡು. ನಾಯಿಗೆ ಅಷ್ಟು ಸುರಿಯೋ ಬದಲು ಒಂದು ಬಡ ಮಗುವಿನ ಫೀಸು ಕಟ್ಟಬಹುದಿತ್ತು ಅಂತ ನನಗೂ ಹೇಳಿದ್ದಾರೆ. ಗೋವಾ ಟ್ರಿಪ್‌ಗೆ, ಹೊಸ ಫೋನಿಗೆ ಯಾರೂ ಈ ಪ್ರಶ್ನೆ ಕೇಳಲ್ಲ ಅಂತ ಜವಾಬು ಕೊಟ್ಟು ಗೆಲ್ಲಬಹುದು. ಆದರೆ ಅದು ಗೆಲುವಷ್ಟೇ, ಉತ್ತರ ಅಲ್ಲ. ಪ್ರಶ್ನೆಯಲ್ಲಿ ಹುರುಳಿದೆ. ನಮ್ಮ ದೇಶದಲ್ಲಿ ಪಶುವೈದ್ಯ ಹೊಸದೇನಲ್ಲ. ಕುದುರೆಗೆ ಶಾಲಿಹೋತ್ರ, ಆನೆಗೆ ಪಾಲಕಾಪ್ಯ, ಕನ್ನಡದಲ್ಲೇ ಚಾಲುಕ್ಯರ ಕಾಲದ ಕೀರ್ತಿವರ್ಮ ಬರೆದ 'ಗೋವೈದ್ಯ' ಇದೆ. ಹೆಸರುಗಳನ್ನು ನೋಡಿ: ಕುದುರೆ, ಆನೆ, ದನ. ದುಡಿಯುವ, ಯುದ್ಧಕ್ಕೆ ಹೋಗುವ, ಹಾಲು ಕೊಡುವ ಪ್ರಾಣಿಗಳು. ಅಜ್ಜನ ಮನೆಯಲ್ಲೂ ಎತ್ತಿಗೆ ಹುಷಾರಿಲ್ಲ ಅಂದರೆ ಡಾಕ್ಟರ್ ಬರ್ತಿದ್ದರು, ನಾಯಿ ಬಣವೆ ಹಿಂದೆ ಹೋಗಿ ಸಾಯ್ತಿತ್ತು. ಏನೂ ದುಡಿದು ಕೊಡದ ಪ್ರಾಣಿಗೆ ಇಷ್ಟು ಖರ್ಚು ಮಾಡೋದು ನಮ್ಮ ತಲೆಮಾರಿನ ಹೊಸ ಪ್ರಶ್ನೆ.

ನನ್ನ ಉತ್ತರ ಇಷ್ಟು. ಅದರ ಜೀವ ಹೆಚ್ಚು, ಮಗುವಿನದ್ದು ಕಮ್ಮಿ ಅಂತಲ್ಲ. ತಾಯಿಯಿಂದ ಬಿಡಿಸಿ, ಊಟ ನೀರು ಬಾಗಿಲು ಎಲ್ಲಕ್ಕೂ ನಮ್ಮನ್ನೇ ಕಾಯುವ ಹಾಗೆ ಮಾಡಿದವರು ನಾವು. ಅದಕ್ಕೆ ಹೋಗಲು ಬೇರೆ ಬಾಗಿಲಿಲ್ಲ. ಈ ಋಣ ನಾವಾಗಿಯೇ ಕಟ್ಟಿಕೊಂಡದ್ದು, ಹಾಗಾಗಿ ನಮಗೆ ಆಗುವಷ್ಟನ್ನು ತೀರಿಸಬೇಕು. ಆಗುವಷ್ಟು ಅನ್ನೋ ಪದಕ್ಕೆ ಅಡಿಗೆರೆ ಎಳೆಯಿರಿ. ಸಾಲ ಮಾಡಿ ಮನೆ ಮುಳುಗಿಸಿಕೊಳ್ಳೋದು ಧರ್ಮ ಅಲ್ಲ. ದೊಡ್ಡ ಆಪರೇಷನ್ ಕೈಗೆಟಕದೆ, ಹೆಬ್ಬಾಳದ ಪಶುವೈದ್ಯ ಕಾಲೇಜಿನ ಸಾಲಿನಲ್ಲಿ ನಿಂತು, ಅಲ್ಲೂ ಆಗಲ್ಲ ಅಂದಾಗ ಪಕ್ಕದಲ್ಲಿ ಕೂತು ನೋವಿಲ್ಲದ ಸಾವು ಕೊಡಿಸಿದವನ ಪ್ರೀತಿ ಯಾರದ್ದಕ್ಕೂ ಕಮ್ಮಿ ಅಲ್ಲ.

ಸಹಿಯೇ ಇಲ್ಲದೆ ಆಪರೇಷನ್ ಆಗುವ ನಾಯಿಗಳೂ ನಮ್ಮ ಸುತ್ತ ಇವೆ. ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುವ ಬೀದಿನಾಯಿ ಕಂಡಿರ್ತೀರಿ. ಸಂತಾನಹರಣ ಆಗಿದೆ ಅನ್ನೋದರ ಗುರುತು ಅದು. 2001ರ ನಿಯಮಗಳು, ಆಮೇಲೆ 2023ರ ಹೊಸ ನಿಯಮಗಳ ಪ್ರಕಾರ ಹಿಡಿದು, ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ರೋಗ ಇಲ್ಲದ ಮೈಯನ್ನು ಕೊಯ್ಯೋದು ಇದು. ನಾನು ಇದನ್ನು ಒಪ್ಪುತ್ತೇನೆ. ಹುಟ್ಟಿ ಟೈರಿಗೆ ಸಿಕ್ಕಿ ಸಾಯುವ ಮರಿಗಳು, ಕಚ್ಚಿಸಿಕೊಂಡು ರೇಬೀಸ್ ಭಯದಲ್ಲಿ ಬದುಕುವ ಮಕ್ಕಳು, ಎರಡನ್ನೂ ನೋಡಿದವರು ಒಪ್ಪಲೇಬೇಕಾಗತ್ತೆ. ಆದರೆ ಊರಿನ ಒಳಿತಿಗೆ ಅದರ ಮೈ ಕೊಯ್ದ ಮೇಲೆ ಅದರ ಗಾಯ ಮಾಯುವ ತನಕ ನೋಡಿಕೊಳ್ಳುವ ಹೊಣೆಯೂ ಊರಿನದ್ದೇ. ಅಲ್ಲಿ ಯಾರ ಸಹಿಯೂ ಇಲ್ಲ ಅಂದರೆ ನಮ್ಮೆಲ್ಲರ ಸಹಿಯೂ ಇದೆ ಅಂತ ಅರ್ಥ.

ಹಾಗಾಗಿ ಆ ಕಾಗದವನ್ನು ನಾನೀಗ ಬೇರೆ ಥರ ಓದ್ತೀನಿ. ಅದು ಪ್ರಾಣಿಯ ಪರವಾಗಿ ಕೊಟ್ಟ ಒಪ್ಪಿಗೆ ಅಲ್ಲ; ಆ ಒಪ್ಪಿಗೆ ಕೊಡುವ ಶಕ್ತಿ ಯಾರಿಗೂ ಇಲ್ಲ. ಅದು ನಾವು ಬರೆದುಕೊಡುವ ಮಾತು. ಈ ನೋವಿಗೆ ಕಾರಣ ನಾನು, ಇದು ಮುಗಿಯುವ ತನಕ ಜೊತೆಗಿರ್ತೀನಿ ಅನ್ನೋ ಮಾತು. ಸಹಿ ಹಾಕುವ ಮುಂಚೆ ಡಾಕ್ಟರ್ ಹತ್ತಿರ ಕೇಳಿ: ಇದರಿಂದ ವಾಸಿ ಆಗತ್ತಾ, ಬರೀ ದಿನ ಮುಂದೂಡತ್ತಾ? ನೋವು ಎಷ್ಟು ದಿನ, ಅದಕ್ಕೆ ಏನು ಕೊಡ್ತೀರಿ? ಮಾಡಿಸದಿದ್ದರೆ ಏನಾಗತ್ತೆ? ನಿಮ್ಮ ಮನೆಯದ್ದಾಗಿದ್ದರೆ ಏನು ಮಾಡ್ತಿದ್ರಿ? ಆಮೇಲೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ಹತ್ತು ದಿನ ರಾತ್ರಿ ಎರಡು ಗಂಟೆಗೆ ಎದ್ದು ನೋಡೋಕೆ, ಹೊಲಿಗೆ ನೆಕ್ಕದ ಹಾಗೆ ಕಾಯೋಕೆ, ಎತ್ತಿಕೊಂಡು ಹೋಗಿ ಉಚ್ಚೆ ಮಾಡಿಸೋಕೆ ಯಾರಿದ್ದಾರೆ?

ಇದಕ್ಕೆ ಉತ್ತರ ಇದ್ದರೆ ಸಹಿ ಹಾಕಿ, ರಜೆಗೆ ಅಪ್ಲೈ ಮಾಡಿ.